ಹದಿನೈದು ಕಿಲೋ, ಹದಿಮೂರು ಜೇಬು

4 ಸೆಪ್ಟೆಂಬರ್

ಮಾನ್ಯ ದರ್ಜಿಯವರಿಗೆ,

ವಿಷಯ: ಕೋಟು ಒಂದನ್ನು ಹೊಲಿದುಕೊಡುವ ಬಗ್ಗೆ.

ಈ ಕೆಳಗೆ ಸಹಿ ಮಾಡಿರುವ ನಾನು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ನಿರೀಕ್ಷಕಿ. ನಿಮ್ಮ ಒಡಹುಟ್ಟಿದ ಅಕ್ಕನೂ ಹೌದು. ಎರಡನೆಯದನ್ನು ನೀವು ಹನ್ನೊಂದು ವರ್ಷದಿಂದ ಲೆಕ್ಕಕ್ಕೆ ಇಟ್ಟುಕೊಂಡಿಲ್ಲವಾದ್ದರಿಂದ ಮೊದಲನೆಯ ಅಧಿಕಾರದಲ್ಲೇ ಬರೆಯುತ್ತಿದ್ದೇನೆ. ನಾವು ಮಾತು ಬಿಟ್ಟಿದ್ದೇವೆ ಎಂಬುದು ಚೆನ್ನಾಗಿ ನೆನಪಿದೆ. ಆದರೆ ಬಿಟ್ಟದ್ದು ಮಾತನ್ನು ಮಾತ್ರ. ಕಾಗದದ ವಿಚಾರವನ್ನು ಆ ದಿನ ಯಾರೂ ಎತ್ತಿರಲಿಲ್ಲ.

ಡಿಸೆಂಬರ್ ತಿಂಗಳಲ್ಲಿ ನಾನು ದಕ್ಷಿಣ ಧ್ರುವದ ಕಡೆಗೆ ಹೊರಟಿದ್ದೇನೆ. ನಗಬೇಡಿ. ಮೊದಲು ದೊಡ್ಡ ವಿಮಾನ, ಆಮೇಲೆ ಸಣ್ಣ ವಿಮಾನ, ಆಮೇಲೆ ಹಿಮದ ನಡುವೆ ಹತ್ತು ದಿನ ಹಡಗು. ಕಾರಣ ವೈಜ್ಞಾನಿಕ. ಧ್ರುವದ ಹತ್ತಿರ ಭೂಮಿ ಎಲ್ಲವನ್ನೂ ಒಂಚೂರು ಜೋರಾಗಿ ಎಳೆಯುತ್ತದಂತೆ. ಇಲ್ಲಿ ಸರಿಯಾಗಿ ಒಂದು ಕಿಲೋ ತೋರಿಸುವ ಹಿತ್ತಾಳೆ ಬಟ್ಟು ಅಲ್ಲಿ ಯಂತ್ರದ ಮೇಲಿಟ್ಟರೆ ಮೂರು-ನಾಲ್ಕು ಗ್ರಾಂ ಹೆಚ್ಚು ತೋರಿಸಬೇಕು. "ಒಂದು ಕಿಲೋ ಅಂದ್ರೆ ಎಲ್ಲಿ ಹೋದ್ರೂ ಒಂದೇ ಕಿಲೋ ಕಣ್ರೀ" ಎಂದು ಮೂವತ್ತೆರಡು ವರ್ಷ ಅಂಗಡಿಯವರನ್ನು ಗದರಿಸಿದವಳು ನಾನು. ಅದು ಎಷ್ಟರಮಟ್ಟಿಗೆ ನಿಜ ಎಂದು ಕಣ್ಣಾರೆ ನೋಡಿ ಬರಬೇಕು.

ತೊಡಕು ಒಂದೇ. ಸಣ್ಣ ವಿಮಾನದವರು ಪೆಟ್ಟಿಗೆಗೆ ಹದಿನೈದು ಕಿಲೋ, ಕೈಚೀಲಕ್ಕೆ ಐದು ಕಿಲೋ ಎಂದಿದ್ದಾರೆ. ಅದರೊಳಗೆ ನನ್ನ ಬಟ್ಟೆ, ನನ್ನ ಬಟ್ಟು ಎರಡೂ ಸೇರಬೇಕು. ಆದ್ದರಿಂದ ಬೆಚ್ಚಗೂ ಹಗುರವಾಗಿಯೂ ಇರುವ ಕೋಟು ಬೇಕು. ಅಂಥದ್ದನ್ನು ಹೊಲಿಯುವವರು ಬೇರೆ ಯಾರೂ ಸಿಗಲಿಲ್ಲ.

ಅಳತೆ: ಎದೆ 86 ಸೆಂ.ಮೀ., ಸೊಂಟ 76, ತೋಳು 56, ಭುಜ 37. ಉಕ್ಕಿನ ಟೇಪಿನಿಂದ ಮೂರು ಸಲ ಅಳೆದು ದೃಢೀಕರಿಸಲಾಗಿದೆ. ಹಡಗಿನವರ ಸೂಚನಾ ಪುಸ್ತಕವನ್ನೂ ಲಗತ್ತಿಸಿದ್ದೇನೆ. ಅಲ್ಲಿಯ ಚಳಿ ಎಂಥದ್ದು ಎಂದು ನಿಮಗೆ ಅಂದಾಜಾಗಲಿ.

ಸಹಿ,
ನಿವೃತ್ತ ನಿರೀಕ್ಷಕಿ


13 ಸೆಪ್ಟೆಂಬರ್

ಮಾನ್ಯ ನಿವೃತ್ತ ನಿರೀಕ್ಷಕರ ಸನ್ನಿಧಾನಕ್ಕೆ,

ತಮ್ಮ ನೋಟೀಸು ತಲುಪಿತು. ಇದನ್ನು ಅಂಗಡಿಯ ಬಾಗಿಲಿಗೆ ಅಂಟಿಸಬೇಕೋ ಅಥವಾ ಉತ್ತರ ಬರೆಯಬೇಕೋ ಎಂದು ಎರಡು ದಿನ ಯೋಚಿಸಿದೆ. ನನ್ನ ಹೆಂಡತಿ, "ಕಾಗದ ಬರೆದ್ರೆ ಮಾತಾಡಿದ ಹಾಗೇ ಅಲ್ವೇನ್ರೀ?" ಎಂದಳು. "ಅಲ್ಲ, ಕಾಗದಕ್ಕೆ ಗಂಟಲಿಲ್ಲ" ಎಂದೆ. "ನಿಮಗಿದ್ದೂ ಏನು ಮಾಡಿದ್ರಿ ಹನ್ನೊಂದು ವರ್ಷ?" ಎಂದಳು. ಅವಳಿಗೆ ಗುಂಡಿಗಳ ಕಾಜಾ ಹಾಕುವ ಕೆಲಸ ಕೊಟ್ಟು ಕೂರಿಸಿದ್ದೇನೆ.

ನಾನು ಹೊಲಿಯುವುದು ಸಮವಸ್ತ್ರ. ಕಾವಲುಗಾರರದು, ಬ್ಯಾಂಡಿನವರದು, ದಾದಿಯರದು. ಧ್ರುವಕ್ಕೆ ಇದುವರೆಗೆ ಯಾರಿಗೂ ಹೊಲಿದಿಲ್ಲ. ಆದರೂ ತಾವು ನನ್ನಂಥವನ ಬಳಿ ಬಂದಿದ್ದೀರಿ. ಅಳೆಯಲು ಬಾರದವನ ಬಳಿ!

ಮರೆತಿದ್ದರೆ ನೆನಪಿಸುತ್ತೇನೆ. ಆ ದಿನ ನಮ್ಮ ಬೀದಿಯ ಹತ್ತೊಂಬತ್ತು ಅಂಗಡಿ ಮುಗಿಸಿಕೊಂಡು ಇಪ್ಪತ್ತನೆಯದಾಗಿ ನನ್ನ ಅಂಗಡಿಗೆ ಬಂದಿರಿ. "ಚಹಾ ಕುಡಿತೀಯಾ ಅಕ್ಕಾ?" ಎಂದೆ. "ಕರ್ತವ್ಯದ ಮೇಲಿದ್ದೇನೆ" ಎಂದಿರಿ. ಗಿರಾಕಿಗಳೆದುರು ಅಪ್ಪನ ಗಜಕಡ್ಡಿಯನ್ನು ನಿಮ್ಮ ಉಕ್ಕಿನ ಕಡ್ಡಿಯ ಪಕ್ಕ ಮಲಗಿಸಿ, "ನಾಲ್ಕು ಮಿಲಿಮೀಟರ್ ಕಡಿಮೆ" ಎಂದು ಘೋಷಿಸಿ, ಚೀಲದಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿಕೊಂಡು ಹೋದಿರಿ. ಅಪ್ಪ ಮೂವತ್ತು ವರ್ಷ, ನಾನು ಇಪ್ಪತ್ತು ವರ್ಷ ಬಟ್ಟೆ ಅಳೆದ ಕಡ್ಡಿ. ತುದಿಯ ಹಿತ್ತಾಳೆ ಸವೆಯದೆ ಬೆಳೆಯುತ್ತದೆಯೇ? ವಶಪಡಿಸಿಕೊಂಡದ್ದನ್ನೆಲ್ಲ ಮುರಿದು ಒಲೆಗೆ ಹಾಕುತ್ತಾರೆ ಎಂದು ಆಮೇಲೆ ಕೇಳಿದೆ. ಇರಲಿ. ಬೆಂಕಿ ಚೆನ್ನಾಗಿ ಉರಿದಿರಬೇಕು.

ಇನ್ನು ಕೋಟಿನ ವಿಚಾರ. ತಾವು ಕಳಿಸಿದ ಅಳತೆ ತಪ್ಪಿದೆ. ಮತ್ತೆ ಅಳೆದು ಕಳಿಸಿ.

ಸೂಚನಾ ಪುಸ್ತಕದಲ್ಲಿ ಎಂಟನೇ ಪುಟ ಆದ ಮೇಲೆ ಹನ್ನೊಂದು ಬರುತ್ತದೆ. ನಡುವಿನ ಹಾಳೆ ಎಲ್ಲಿ?

ಇಂತಿ,
ದರ್ಜಿ


20 ಸೆಪ್ಟೆಂಬರ್

ಮಾನ್ಯ ದರ್ಜಿಯವರೇ,

ಅಳತೆ ತಪ್ಪಿದೆ ಎಂಬ ವಾಕ್ಯವನ್ನು ನಾಲ್ಕು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಐದನೇ ಸಲ ಓದಿದೆ. ನನ್ನ ಸೇವಾವಧಿಯಲ್ಲಿ ಮೇಲಧಿಕಾರಿಗಳೂ ಬರೆಯಲು ಧೈರ್ಯ ಮಾಡದ ವಾಕ್ಯ ಅದು. ಇದು ಗಜಕಡ್ಡಿಯ ಸೇಡು ಎಂದು ನನಗೆ ಅರ್ಥವಾಗುತ್ತದೆ. ಆದರೂ ಕರ್ತವ್ಯವೆಂದು ಮತ್ತೆ ಅಳೆದೆ. ಎದೆ 86. ಸೊಂಟ 76. ಒಂದು ಮಿಲಿಮೀಟರೂ ಕದಲಿಲ್ಲ. ಬೇಕಾದರೆ ಹೊಲಿಯಿರಿ, ಬೇಡವಾದರೆ ಬಿಡಿ.

ಗಜಕಡ್ಡಿಯ ಸಂಗತಿ ಪ್ರಸ್ತುತ ವ್ಯವಹಾರಕ್ಕೆ ಸಂಬಂಧಿಸಿದ್ದಲ್ಲ.

ಕಾಣೆಯಾದ ಹಾಳೆ ಮುದ್ರಕರ ದೋಷವಿರಬೇಕು. ಅದರಲ್ಲಿ ಮುಖ್ಯವಾದದ್ದು ಏನೂ ಇಲ್ಲ.

ಪೆಟ್ಟಿಗೆ ತೂಗಲು ಪಕ್ಕಾ ವ್ಯವಸ್ಥೆಯಾಗಿದೆ. ನಿವೃತ್ತಿಯ ದಿನ ಕಚೇರಿಯವರು ನೆನಪಿಗೆಂದು ಕೊಟ್ಟ ಹಳೆಯ ಸ್ಪ್ರಿಂಗ್ ತಕ್ಕಡಿಯನ್ನು ಬಾಗಿಲಿನ ಚೌಕಟ್ಟಿಗೆ ನೇತುಹಾಕಿದ್ದೇನೆ. ಗಡಿಯಾರದಂಥ ಮುಖ, ಐವತ್ತು ಕಿಲೋವರೆಗೆ ತೂಗುವ ಗಂಭೀರ ಪ್ರಾಣಿ. ನನ್ನ ಒಂದು ಕಿಲೋ ಬಟ್ಟನ್ನು ತೂಗಿ ನೋಡಿದೆ. ಮುಳ್ಳು ಒಂದರ ಮೇಲೆ ಬಂದು ನಿಂತಿತು. ಯಂತ್ರಗಳಿಗಾದರೂ ನನ್ನ ಮೇಲೆ ಗೌರವವಿದೆ.

ಸಹಿ,
ನಿವೃತ್ತ ನಿರೀಕ್ಷಕಿ

ವಿ.ಸೂ.: ಹೊರಡುವ ಮೊದಲು ಬಾಕಿ ಇರುವ ಕೆಲವು ವಿಚಾರಗಳನ್ನು ಮುಗಿಸಿಕೊಳ್ಳಬೇಕು ಎಂದಿದ್ದೇನೆ. ಕೋಟು ತಡವಾಗದಿರಲಿ.


6 ಅಕ್ಟೋಬರ್

ಮಾನ್ಯ ನಿರೀಕ್ಷಕರೇ,

ನನ್ನ ಹೆಂಡತಿ ತಮಗೆ ಫೋನ್ ಮಾಡಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. ಅವಳು ಮಾತಾಡುವಾಗ ನಾನು ಪಕ್ಕದಲ್ಲಿ ಕುಳಿತಿದ್ದೆ, ಅಷ್ಟೆ.

ದಿನಾ ಏಳು ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀರಂತೆ. ಬೆನ್ನಿಗೆ ಚೀಲ ಬೇರೆ ಕಟ್ಟಿಕೊಂಡು. ಹಡಗಿನಿಂದ ರಬ್ಬರ್ ದೋಣಿಗೆ ಇಳಿಯಲು ಕಾಲು ಗಟ್ಟಿಯಿರಬೇಕು ಎಂದು ಅವರೇ ವ್ಯಾಯಾಮದ ಪಟ್ಟಿ ಕೊಟ್ಟಿದ್ದಾರಂತೆ. ಇದನ್ನು ಮೊದಲೇ ಬರೆಯಲು ಏನಾಗಿತ್ತು? ನನ್ನ ಅಳತೆ ಪುಸ್ತಕದಲ್ಲಿ "ಅಕ್ಕ" ಎಂದು ಒಂದು ಪುಟವಿದೆ. ಅದರಲ್ಲಿ ಎದೆ ಮೂವತ್ತೆಂಟು ಇಂಚು. ತಾವು ಕಳಿಸಿದ್ದನ್ನು ಇಂಚಿಗೆ ತಂದರೆ ಮೂವತ್ತನಾಲ್ಕು. ನಾಲ್ಕು ಇಂಚು ಕರಗಿದವರು "ಬಾಕಿ ವಿಚಾರ ಮುಗಿಸಬೇಕು" ಎಂದು ಬರೆದರೆ, ದರ್ಜಿಯಾದವನು ಏನೆಂದು ತಿಳಿಯಬೇಕು? ಬಟ್ಟೆ ಸಡಿಲವಾಗುವುದನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ. ಆಮೇಲೆ ಅವರು ಬಟ್ಟೆ ಹೊಲಿಸಲು ಬರುವುದಿಲ್ಲ.

ಅವಳು ಫೋನ್ ಇಟ್ಟು, "ಅತ್ತಿಗೆ ಗುಂಡುಕಲ್ಲಿನ ಹಾಗಿದ್ದಾರೆ, ಎರಡನೇ ಮಾತಿಗೇ ನನ್ನನ್ನ ಬೈದ್ರು" ಎಂದಳು. ಆ ದಿನ ಮಧ್ಯಾಹ್ನ ಎರಡು ಸಲ ಊಟ ಮಾಡಿದೆ. ಇದನ್ನು ಅವಳು ಹೇಗೂ ಹೇಳಿಬಿಡುತ್ತಾಳೆ, ಅದಕ್ಕೆ ನಾನೇ ಬರೆದುಬಿಡುತ್ತಿದ್ದೇನೆ.

ಇರಲಿ, ಕೆಲಸದ ಮಾತಿಗೆ ಬರೋಣ. ತೂಕದ ಸಮಸ್ಯೆಗೆ ನನ್ನಲ್ಲಿ ಉಪಾಯವಿದೆ. ಜೇಬು. ವಿಮಾನದವರು ಪೆಟ್ಟಿಗೆ ತೂಗುತ್ತಾರೆ, ಚೀಲ ತೂಗುತ್ತಾರೆ, ಮನುಷ್ಯರನ್ನು ತೂಗುವುದಿಲ್ಲ. ಕೋಟಿಗೆ ಹದಿಮೂರು ಜೇಬು ಇಡುತ್ತೇನೆ. ದುರ್ಬೀನು, ಔಷಧಿ, ಕಾಲುಚೀಲ, ಬಟ್ಟು ಎಲ್ಲವನ್ನೂ ತುಂಬಿಕೊಂಡು, ಎದೆ ಸೆಟೆಸಿ ನಡೆದುಹೋಗಿ. ಯಾರಾದರೂ ಕೇಳಿದರೆ "ನಾನು ಹುಟ್ಟಿದ್ದೇ ಹೀಗೆ" ಎನ್ನಿ.

ಇಂತಿ,
ದರ್ಜಿ


15 ಅಕ್ಟೋಬರ್

ದರ್ಜಿಯವರೇ,

ಹದಿಮೂರು ಜೇಬು! ನೀವು ಹೇಳುತ್ತಿರುವುದಕ್ಕೆ ನಮ್ಮ ಇಲಾಖೆಯ ಭಾಷೆಯಲ್ಲಿ ಏನೆನ್ನುತ್ತಾರೆ ಗೊತ್ತೇ? ತೂಕದಲ್ಲಿ ಮೋಸ. ತಕ್ಕಡಿಯ ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದವನನ್ನೂ, ಬಟ್ಟಿನ ಹೊಟ್ಟೆ ಕೊರೆದು ಮೇಣ ತುಂಬಿದವನನ್ನೂ ಹಿಡಿದವಳು ನಾನು. ಈಗ ಅರವತ್ತೆರಡನೇ ವಯಸ್ಸಿನಲ್ಲಿ ನಾನೇ ಮೇಣ ತುಂಬಿದ ಬಟ್ಟಾಗಿ ವಿಮಾನ ಹತ್ತಬೇಕೇ?

ಜೇಬು ಬೇಕಿದ್ದರೆ ಇಡಿ. ಖಾಲಿ ಇರುತ್ತವೆ.

ಇಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಯುದ್ಧದ ಮಟ್ಟಕ್ಕೆ ಬಂದಿದೆ. ಮಂಚದ ಮೇಲೆ ಎಲ್ಲವನ್ನೂ ಸಾಲಾಗಿ ಹರವಿದ್ದೇನೆ. ಉಣ್ಣೆ ಕಾಲುಚೀಲ ಆರು ಜೊತೆ ಇದ್ದದ್ದು ನಾಲ್ಕಾಯಿತು. ಪೆಂಗ್ವಿನ್‌ಗಳ ಬಗೆಗಿನ ದಪ್ಪ ಪುಸ್ತಕವನ್ನು ಇಲ್ಲೇ ಓದಿ ಮುಗಿಸಿಬಿಟ್ಟರೆ ಹೊರುವುದು ತಪ್ಪುತ್ತದೆ ಎಂದು ಓದುತ್ತಿದ್ದೇನೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧ ಕತ್ತರಿಸಿದೆ. ಆರು ಗ್ರಾಂ ಉಳಿಯಿತು. ಬಾಚಣಿಗೆಯಲ್ಲಿ ನನ್ನ ಕೂದಲಿಗೆ ಬೇಕಾದಷ್ಟು ಹಲ್ಲು ಮಾತ್ರ ಉಳಿಸಿದ್ದೇನೆ. ಪೆಟ್ಟಿಗೆ ನೇತುಹಾಕುವಾಗ ಬಾಗಿಲು ಹಿಡಿದುಕೊಳ್ಳಲು ಕೆಳಗಿನ ಔಷಧಿ ಅಂಗಡಿಯವರು ಬರುತ್ತಾರೆ. ಮೊನ್ನೆ, "ಮೇಡಂ, ಉಗುರೂ ಕತ್ತರಿಸ್ಕೊಂಡು ಹೋಗಿ, ಅದೂ ಉಳಿತಾಯವೇ" ಎಂದರು. ತಮಾಷೆಗೆ ಹೇಳಿದರು. ನಾನು ಆಗಲೇ ಕತ್ತರಿಸಿಕೊಂಡಿದ್ದೆ.

ನೀವು ಎರಡು ಸಲ ಊಟ ಮಾಡಿದ ಸುದ್ದಿಯನ್ನು ದಾಖಲಿಸಿಕೊಂಡಿದ್ದೇನೆ. ಅದರ ಮೇಲೆ ಏನು ಕ್ರಮ ಕೈಗೊಳ್ಳಬೇಕೆಂದು ತಿಳಿಯುತ್ತಿಲ್ಲ.

ಸಹಿ,
ನಿರೀಕ್ಷಕಿ


9 ನವೆಂಬರ್

ನಿರೀಕ್ಷಕರೇ,

ಕೋಟು ಕಳಿಸಿದ್ದೇನೆ. ಒಳಗೆ ಎರಡು ಪದರ ಉಣ್ಣೆ, ನಡುವೆ ಹತ್ತಿ, ಹೊರಗೆ ನೀರು ಇಳಿಯದ ಬಟ್ಟೆ. ಬೂದು ಬಣ್ಣ. ಹಗುರ ಎಂದು ತಾವು ಹೇಳಿದ್ದಿರಿ, ಬೆಚ್ಚಗೆ ಎಂದೂ ಹೇಳಿದ್ದಿರಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವಾಗ ನನ್ನ ಕೈ ಬೆಚ್ಚಗಿನ ಕಡೆಗೇ ಹೋಯಿತು. ಮೂರು ವಾರ ಬ್ಯಾಂಡಿನವರು ತಮ್ಮ ಅಂಗಿಗಾಗಿ ಬಂದು ಬಂದು ಹೋದರು. "ಯಾರಿಗೆ ಇದು, ಕರಡಿಗಾ?" ಎಂದು ಅವರ ಡೋಲಿನವನು ಕೇಳಿದ. "ಹೆಚ್ಚುಕಡಿಮೆ" ಎಂದೆ.

ಜೇಬು ಹದಿಮೂರು ಇವೆ. ಕಾಣುವಂಥವು ಹನ್ನೆರಡು. ತಮ್ಮ ಸ್ವಭಾವ ನನಗೆ ಗೊತ್ತು. ಪೊಟ್ಟಣ ಬಿಚ್ಚಿದ ಗಂಟೆಯೊಳಗೆ ಎಲ್ಲ ಜೇಬನ್ನೂ ತಿರುವಿ ತಪಾಸಣೆ ಮಾಡುತ್ತೀರಿ. ಮಾಡಿ. ಮಾಡಿದ ಮೇಲೆ ಬರೆಯಿರಿ.

ಇಂತಿ,
ದರ್ಜಿ


18 ನವೆಂಬರ್

ದರ್ಜಿಯವರೇ,

ಕೋಟು ಬಂತು. ಕೆಲಸ ಅಚ್ಚುಕಟ್ಟಾಗಿದೆ. ಕಾಜಾ ನೋಡಿದರೇ ನಿಮ್ಮ ಹೆಂಡತಿಯ ಕೈ ಎಂದು ಗೊತ್ತಾಗುತ್ತದೆ.

ಆದರೆ ಬರೆಯಲೇಬೇಕಾದದ್ದನ್ನು ಬರೆಯುತ್ತೇನೆ. ಬಾಗಿಲಿಗೆ ನೇತುಹಾಕಿ ತೂಗಿದೆ. ಮೂರೂವರೆ ಕಿಲೋ ಇದೆ. ಕೈಚೀಲದ ಐದು ಕಿಲೋ ಔಷಧಿ, ಕಾಗದಪತ್ರ, ದುರ್ಬೀನಿಗೇ ಭರ್ತಿಯಾಗಿದೆ. ಪೆಟ್ಟಿಗೆ ಈಗಲೇ ಹದಿನಾಲ್ಕು ಮುಕ್ಕಾಲು. ಇದರೊಳಗೆ ಕೋಟು ಹೇಗೂ ಹಿಡಿಯುವುದಿಲ್ಲ. ಮೈಮೇಲೆ ಹಾಕಿಕೊಂಡು ತೂಕ ತಪ್ಪಿಸುವುದು ನನ್ನಿಂದಾಗದ ಕೆಲಸ ಎಂದು ಹಿಂದೆಯೇ ಬರೆದಿದ್ದೇನೆ. ಆದ್ದರಿಂದ ಕೋಟನ್ನು ಬೀರುವಿನಲ್ಲಿ ಇಟ್ಟು ಹೋಗಬೇಕಾಗಬಹುದು. ಬೇರೇನಾದರೂ ಏರ್ಪಾಡು ಮಾಡಿಕೊಳ್ಳುತ್ತೇನೆ. ನೀವು ಬೇಸರ ಮಾಡಿಕೊಳ್ಳಬಾರದು.

ಸಹಿ,
ನಿರೀಕ್ಷಕಿ


25 ನವೆಂಬರ್

ಮಾನ್ಯರೇ,

ತಮ್ಮ ಪತ್ರ ತಲುಪಿತು. ಕೋಟನ್ನು ವಾಪಸು ಕಳಿಸುವುದು ಬೇಡ. ಎಲ್ಲ ಜೇಬೂ ನೋಡಿದ ಮೇಲೂ ಹೀಗೆ ಬರೆದಿದ್ದೀರಿ ಎಂದರೆ ಇನ್ನು ನಾನು ಹೇಳುವುದು ಏನೂ ಇಲ್ಲ.

ಪ್ರಯಾಣ ಸುಖಕರವಾಗಲಿ.

ದರ್ಜಿ


8 ಡಿಸೆಂಬರ್

ತಮ್ಮಾ,

ಇದು ನೋಟೀಸಲ್ಲ. ಸಣ್ಣ ವಿಮಾನ ಇಳಿದು ಬಂದರಿನ ಹತ್ತಿರದ ವಸತಿಗೃಹದಲ್ಲಿ ಕುಳಿತು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಹಡಗು. ಅಂಚೆಗೆ ಹಾಕಿದರೆ ನಾನೇ ಮೊದಲು ಊರು ತಲುಪುತ್ತೇನೆ. ಅದಕ್ಕೆ ಹಾಳೆಗಳ ಫೋಟೋ ತೆಗೆದು ನಿನ್ನ ಹೆಂಡತಿಯ ಫೋನಿಗೆ ಕಳಿಸುತ್ತೇನೆ. ಅವಳು ಮೊದಲು ಓದಿಕೊಳ್ಳುತ್ತಾಳೆ, ಓದಿಕೊಳ್ಳಲಿ.

ನಿನ್ನ ಮೂರು ಸಾಲಿನ ಕಾಗದ ಬಂದ ದಿನ ಮೆಟ್ಟಿಲು ಹತ್ತಲಿಲ್ಲ. ಮಂಚದ ಮೇಲೆ ಹರವಿದ್ದನ್ನೆಲ್ಲ ನೋಡುತ್ತಾ ಕುಳಿತೆ. ಆಮೇಲೆ ಎದ್ದು ಪೆಂಗ್ವಿನ್ ಪುಸ್ತಕ ತೆಗೆದೆ, ಇಪ್ಪತ್ತು ಪುಟ ಬಾಕಿಯಿತ್ತು. ಎರಡನೇ ಜೊತೆ ಬೂಟು ತೆಗೆದೆ. ಆಮೇಲೂ ಸಾಲದೆ ಹಿತ್ತಾಳೆ ಬಟ್ಟನ್ನೂ ಅದರ ಸಣ್ಣ ತೂಕದ ಯಂತ್ರವನ್ನೂ ತೆಗೆದು ಮೇಜಿನ ಮೇಲಿಟ್ಟೆ. ಔಷಧಿ ಅಂಗಡಿಯವರು, "ಅದನ್ನ ತೂಗೋಕೇ ಅಲ್ವಾ ಮೇಡಂ ನೀವು ಹೊರಟಿರೋದು?" ಎಂದರು. "ಬಾಗಿಲು ಹಿಡ್ಕೊಳ್ರೀ" ಎಂದೆ. ಕೋಟು ಮಡಿಸಿ ಪೆಟ್ಟಿಗೆಯೊಳಗೆ ಇಟ್ಟೆ. ಮುಳ್ಳು ಸರಿಯಾಗಿ ಹದಿನೈದರ ಮೇಲೆ ನಿಂತಿತು.

ದೊಡ್ಡ ವಿಮಾನದವರು ಪೆಟ್ಟಿಗೆ ತೂಗಿ, ಅಂಕಿ ಹೇಳದೆ ಒಳಗೆ ಕಳಿಸಿದ್ದರು. ಇನ್ನು ಸಣ್ಣ ವಿಮಾನದ ಕೌಂಟರಿನ ಕಥೆ ಕೇಳು. ಪೆಟ್ಟಿಗೆಯನ್ನು ತೂಕದ ಪಟ್ಟಿಯ ಮೇಲಿಟ್ಟು ನಾನು ಕಣ್ಣು ಮುಚ್ಚಿಕೊಂಡೆ. ಕೌಂಟರಿನ ಹುಡುಗಿ, "ಹದಿಮೂರು ಪಾಯಿಂಟ್ ನಾಲ್ಕು" ಎಂದಳು.

"ಇನ್ನೊಂದ್ಸಲ ನೋಡಮ್ಮಾ" ಎಂದೆ.

"ಹದಿಮೂರು ಪಾಯಿಂಟ್ ನಾಲ್ಕೇ ಮೇಡಂ. ಇನ್ನೂ ಒಂದೂವರೆ ಕಿಲೋ ಮೇಲೆ ತರಬಹುದಿತ್ತು."

"ನಿಮ್ಮ ಯಂತ್ರ ಕೆಟ್ಟಿದೆ" ಎಂದೆ. ಅವಳು ನಗಲಿಲ್ಲ. ಪಕ್ಕದ ಪಟ್ಟಿಯ ಮೇಲೆ ಇಡಿಸಿದೆ. ಹದಿಮೂರು ಪಾಯಿಂಟ್ ನಾಲ್ಕು. ಮೂರನೆಯದರ ಮೇಲೂ ಇಡಿಸಿದೆ. ಹಿಂದೆ ಸಾಲಿನಲ್ಲಿದ್ದವರೊಬ್ಬರು, "ಕಡಿಮೆ ಇದೆ ಅಂತ ಜಗಳ ಆಡೋರನ್ನ ಇದೇ ಮೊದಲು ನೋಡ್ತಿರೋದು" ಎಂದರು. ಮೂರೂ ಯಂತ್ರಗಳ ಮೇಲೆ ತಪಾಸಣೆಯ ಹೊಸ ಮುದ್ರೆಯಿತ್ತು, ತಮ್ಮಾ. ಬಗ್ಗಿ ನೋಡಿದೆ.

ಕೆಟ್ಟಿದ್ದು ನನ್ನ ತಕ್ಕಡಿ. ಸ್ಪ್ರಿಂಗ್ ಹಳೆಯದಾದರೆ ಜಗ್ಗುತ್ತದೆ, ಭಾರ ಹೆಚ್ಚಿದಷ್ಟೂ ಸುಳ್ಳು ಹೆಚ್ಚುತ್ತದೆ. ಒಂದು ಕಿಲೋ ಇಟ್ಟಾಗ ಮುಳ್ಳಿನ ದಪ್ಪದಲ್ಲೇ ಆ ಸುಳ್ಳು ಮುಚ್ಚಿಹೋಗಿತ್ತು. ಪೂರ್ತಿ ಭಾರಕ್ಕೆ ಪರೀಕ್ಷಿಸದೆ ಯಾವ ತಕ್ಕಡಿಯನ್ನೂ ನಂಬಬೇಡಿ ಎಂದು ಕಿರಿಯ ನಿರೀಕ್ಷಕರಿಗೆ ಪಾಠ ಹೇಳುತ್ತಿದ್ದವಳು ಯಾರು? ಆ ತಕ್ಕಡಿಯ ಮೇಲಿನ ಕೊನೆಯ ಮುದ್ರೆ ಎಷ್ಟು ಹಳೆಯದು ಎಂದು ಒಮ್ಮೆಯಾದರೂ ನೋಡಿದೆನೇ? ನನ್ನ ಮನೆಯದಲ್ಲವೇ, ಸರಿಯಾಗಿಯೇ ಇರುತ್ತದೆ ಎಂದುಕೊಂಡೆ. ನಿನ್ನ ಕಡ್ಡಿ ತಪ್ಪಿದ್ದು ನಾಲ್ಕು ಮಿಲಿಮೀಟರ್. ನನ್ನ ತಕ್ಕಡಿ ತಪ್ಪಿದ್ದು ಒಂದೂವರೆ ಕಿಲೋಗಿಂತ ಹೆಚ್ಚು. ನೀನೂ ನಿನ್ನದನ್ನು ಹಾಗೆಯೇ ನಂಬಿದ್ದೆ, ಅಪ್ಪನದು ಎಂದು.

ಒಂದು ಕಿಲೋ ಬಟ್ಟೂ ಅದರ ಯಂತ್ರವೂ ಆ ಜಾಗದಲ್ಲಿ ಆರಾಮವಾಗಿ ಕೂರುತ್ತಿದ್ದವು ಎಂದು ಹೊಳೆದಾಗ ಅಳಬೇಕಿತ್ತು. ನನಗೆ ನಗು ಬಂತು. ಕೌಂಟರಿನ ಹುಡುಗಿ ನೀರು ಕೊಟ್ಟಳು.

ಹೇಗೂ ತೂಕದ ಶಾಸ್ತ್ರ ಪ್ರಾಮಾಣಿಕವಾಗಿ ಮುಗಿದಿತ್ತಲ್ಲ, ಅಲ್ಲಿ ಚಳಿಯೂ ಇತ್ತು, ಪೆಟ್ಟಿಗೆ ಒಳಗೆ ಕಳಿಸುವ ಮೊದಲು ಅದರಿಂದ ಕೋಟು ತೆಗೆದು ಹಾಕಿಕೊಂಡೆ. ಭದ್ರತೆಯ ಬಾಗಿಲು ದಾಟುವಾಗ ಯಂತ್ರ ಕೂಗಿಕೊಂಡಿತು. ಅಲ್ಲಿದ್ದಾಕೆ, "ಎಡಗಡೆ ಒಳಜೇಬಲ್ಲಿ ಏನಿದೆ?" ಎಂದಳು.

"ಅಲ್ಲಿ ಜೇಬೇ ಇಲ್ಲವಲ್ಲಮ್ಮ."

"ಇದೆ ಮೇಡಂ. ಉಣ್ಣೆ ಪದರದ ಹಿಂದೆ."

ಅವಳೇ ಬೆರಳು ಹಾಕಿ ತೆಗೆದಳು. ಹಿತ್ತಾಳೆಯ ಗುಂಡಿಯೊಂದು, ಅದಕ್ಕೆ ಸುತ್ತಿದ ಚೀಟಿ. ನಿನ್ನ ಅಕ್ಷರ. "ಅಕ್ಕಾ, ಎಂಟಾದ ಮೇಲೆ ಹನ್ನೊಂದು ಬಂದರೆ ದರ್ಜಿಗೂ ಗೊತ್ತಾಗುತ್ತೆ. ನೀನು ಹರಿದ ಹಾಳೆಯನ್ನ ಇವಳು ಫೋನಿನಲ್ಲಿ ಹುಡುಕಿ ಓದಿದಳು. ಎಲ್ಲರಿಗೂ ಹಡಗಿನಲ್ಲೇ ಕೋಟು ಕೊಡ್ತಾರೆ, ಮನೆಯಿಂದ ತರೋದು ಬೇಡ ಅಂತ ಒಂಬತ್ತನೇ ಪುಟದಲ್ಲಿ ಬರೆದಿದೆ. ಆದ್ರೂ ನೀನು ಕೇಳಿದೆಯಲ್ಲ. ಅದಕ್ಕೇ ಹೊಲಿದೆ."

ಹೌದು ಕಣೋ. ಹಾಳೆ ಹರಿದದ್ದು ನಾನೇ. ಸರ್ಕಾರಿ ಕೆಲಸದಲ್ಲಿ ಮೂವತ್ತೆರಡು ವರ್ಷ ಒಂದು ಹಾಳೆಯನ್ನೂ ಹರಿದವಳಲ್ಲ. ಹನ್ನೊಂದು ವರ್ಷ ಆದ ಮೇಲೆ ಬರೀ "ಹೇಗಿದ್ದೀಯಾ" ಎಂದು ಬರೆಯುವುದು ಹೇಗೆ? ಒಂದು ಕೋಟಿನ ನೆಪ ಬೇಕಾಯಿತು.

ನಾನು ನವೆಂಬರ್‌ನಲ್ಲಿಯೇ ಆ ಚೀಟಿ ಓದಿ, ಓದಿದ ಮೇಲೂ ಕೋಟನ್ನು ಬೀರುವಿನಲ್ಲಿ ಇಡುತ್ತೇನೆ ಎಂದು ಬರೆದೆ ಎಂದು ತಿಳಿದೆಯಲ್ಲ ನೀನು? ನಾನು ಜೇಬು ನೋಡಲೇ ಇಲ್ಲ. ಪೊಟ್ಟಣ ಬಿಚ್ಚಿದಾಗ ಕೈ ಹೋಯಿತು. ಒಮ್ಮೆ ನಿನ್ನ ಅಂಗಡಿ ತಪಾಸಣೆ ಮಾಡಿದ್ದೇ ಸಾಕು, ನೀನು ಹೊಲಿದು ಕಳಿಸಿದ್ದನ್ನಾದರೂ ಹುಡುಕದೆ ಹಾಗೆಯೇ ಒಪ್ಪಿಕೊಳ್ಳೋಣ ಎಂದು ಕೈ ಹಿಂದಕ್ಕೆ ತೆಗೆದೆ. ಜೀವಮಾನದಲ್ಲಿ ತಪಾಸಣೆ ಮಾಡದೆ ಬಿಟ್ಟದ್ದು ಎರಡೇ, ಆ ತಕ್ಕಡಿ ಮತ್ತು ಈ ಕೋಟು. ಎರಡರಲ್ಲೂ ಸಿಕ್ಕಿಬಿದ್ದೆ.

ಇನ್ನೊಂದು ಉಳಿದಿದೆ. ಅಪ್ಪನ ಗಜಕಡ್ಡಿಯನ್ನು ಒಲೆಗೆ ಹಾಕಲಿಲ್ಲ. ಪ್ರಕರಣ ಮುಗಿದ ಮೇಲೆ ಮೇಲಧಿಕಾರಿಗೆ ಅರ್ಜಿ ಕೊಟ್ಟು, "ವ್ಯಾಪಾರಕ್ಕೆ ಬಳಸತಕ್ಕದ್ದಲ್ಲ" ಎಂಬ ಚೀಟಿ ಕಟ್ಟಿಸಿಕೊಂಡು ನಾನೇ ಮನೆಗೆ ತಂದೆ. ನೀನು ಕೇಳಿದರೆ ಕೊಡೋಣ ಎಂದು ಕಾದೆ. ಸುಟ್ಟುಹೋಯಿತು ಎಂದುಕೊಂಡದ್ದನ್ನು ಯಾರಾದರೂ ಕೇಳುತ್ತಾರೆಯೇ ಎಂಬುದು ನನಗೆ ಹೊಳೆಯಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ನಿನ್ನ ಕಾಗದ ಓದಿದಾಗ ಹೊಳೆಯಿತು. ಆಗಲೇ ಹೇಳಬಹುದಿತ್ತು. ಹೇಳಿದರೆ ಸೋತ ಹಾಗೆ ಎಂದು ಸುಮ್ಮನಾದೆ. ಕಡ್ಡಿ ನನ್ನ ಬೀರುವಿನ ಹಿಂದೆ ಇದೆ. ಬೀಗದ ಕೈ ಕೆಳಗಿನ ಔಷಧಿ ಅಂಗಡಿಯಲ್ಲಿದೆ. ಹೋಗಿ ತೆಗೆದುಕೋ.

ಅಂಗಡಿಗೆ ಬಂದದ್ದು ತಪ್ಪಲ್ಲ ತಮ್ಮಾ, ಅದು ನನ್ನ ಕೆಲಸ. ಹತ್ತೊಂಬತ್ತು ಅಂಗಡಿ ನೋಡಿ ತಮ್ಮನ ಅಂಗಡಿ ಬಿಟ್ಟರೆ ಬೀದಿ ಏನನ್ನುತ್ತಿತ್ತು? ಆದರೆ ನೀನು ಕೊಟ್ಟ ಚಹಾ ಕುಡಿದು, ಗಿರಾಕಿಗಳು ಹೋಗುವ ತನಕ ಕಾಯಬಹುದಿತ್ತು. ಅದು ತಪ್ಪು. ಅದನ್ನು ಹೇಳಲು ಇಷ್ಟು ದೂರ ಬರಬೇಕಾಯಿತು.

ನಿನ್ನ ಅಕ್ಕ


16 ಡಿಸೆಂಬರ್

ಅಕ್ಕಾ,

ನಾನು ಹೇಳುತ್ತಿದ್ದೇನೆ, ಇವಳು ಹಡಗಿನ ಕಚೇರಿಯ ವಿಳಾಸಕ್ಕೆ ಟೈಪ್ ಮಾಡುತ್ತಿದ್ದಾಳೆ. ಅಚ್ಚು ಹಾಕಿ ನಿನ್ನ ಕೋಣೆಗೆ ತಲುಪಿಸುತ್ತಾರಂತೆ. ನಡುವೆ ಎಲ್ಲಾದರೂ ನನ್ನ ಬಗ್ಗೆ ಕೆಟ್ಟದಾಗಿ ಏನಾದರೂ ಕಂಡರೆ ಅದು ಇವಳ ಸೇರ್ಪಡೆ.

(ಅತ್ತಿಗೆ, ನಿಮ್ಮ ಕಾಗದ ಓದಿ ಕತ್ತರಿ ಕೆಳಗಿಟ್ಟು ಹಿತ್ತಲಿಗೆ ಹೋದವರು ಅರ್ಧ ಗಂಟೆ ಬರಲಿಲ್ಲ. ನಲ್ಲಿ ರಿಪೇರಿ ಮಾಡ್ತಿದ್ದೆ ಅಂದ್ರು. ನಲ್ಲಿ ಚೆನ್ನಾಗೇ ಇತ್ತು.)

ಮಾರನೆಯ ದಿನವೇ ಹಗಲಿನ ರೈಲು ಹತ್ತಿ ನಿನ್ನ ಮನೆಗೆ ಹೋದೆ. ಔಷಧಿ ಅಂಗಡಿಯವರು ಬೀಗದ ಕೈ ಕೊಡುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೋಟು ಹೊಲಿದವರು ನೀವೇನಾ? ಅಯ್ಯೋ, ನಿಮ್ಮ ಕೋಟಿಂದ ನನ್ನ ಭುಜ ಹೋಯ್ತು ಸ್ವಾಮಿ" ಎಂದರು.

ಕಡ್ಡಿ ಸಿಕ್ಕಿತು. ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೀಯ. ಎಣ್ಣೆ ಸವರಿದ್ದೀಯ. ಹಿತ್ತಾಳೆ ತುದಿ ನನ್ನ ಅಂಗಡಿಯಲ್ಲಿ ಯಾವತ್ತೂ ಇಷ್ಟು ಹೊಳೆದಿರಲಿಲ್ಲ. ಒಂದು ವರ್ಷದ ಎಣ್ಣೆಯಲ್ಲ ಅದು, ಮರದ ಕೆಲಸ ನೋಡಿದವನಿಗೆ ಗೊತ್ತಾಗುತ್ತೆ. ಅಲ್ಲೇ ನಿನ್ನ ಮಂಚದ ಮೇಲೆ ಸ್ವಲ್ಪ ಹೊತ್ತು ಕುಳಿತೆ. ರೈಲಿನಲ್ಲಿ ಎಲ್ಲರೂ ಅದೇನೆಂದು ಕೇಳಿದರು. ವಾಕಿಂಗ್ ಸ್ಟಿಕ್ಕಾ ಎಂದರು. ಹೂಂ ಎಂದೆ.

ನಿನ್ನ ಕೆಟ್ಟ ತಕ್ಕಡಿಯನ್ನು ಚೌಕಟ್ಟಿನಿಂದ ಇಳಿಸಿ, "ವಶಪಡಿಸಿಕೊಳ್ಳಲಾಗಿದೆ" ಎಂದು ಚೀಟಿ ಬರೆದು ಅಂಟಿಸಿ ಬಂದಿದ್ದೇನೆ. ಸಹಿ ನನ್ನದೇ. ಬೇಕಿದ್ದರೆ ಮೇಲಧಿಕಾರಿಗೆ ಅರ್ಜಿ ಹಾಕಿಕೋ.

ಮೇಜಿನ ಮೇಲಿದ್ದ ಒಂದು ಕಿಲೋ ಬಟ್ಟನ್ನೂ ತಂದಿದ್ದೇನೆ. ಕತ್ತರಿಸುವಾಗ ಬಟ್ಟೆ ಜಾರದಂತೆ ಮೇಲೆ ಭಾರಕ್ಕೆ ಇಡಲು ಬಹಳ ಚೆನ್ನಾಗಿದೆ. ಅದನ್ನು ಬಿಟ್ಟು ಕೋಟು ತೆಗೆದುಕೊಂಡು ಹೋದೆಯಲ್ಲ, ಹುಚ್ಚಿ. ನಾಲ್ಕು ಗ್ರಾಂ ನೋಡಲಿಕ್ಕೇ ಹೋದವಳು ನೀನು.

ಬರುವ ದಿನ ತಿಳಿಸು. ನಿಮ್ಮ ಊರಿನ ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಹನ್ನೊಂದು ವರ್ಷದಲ್ಲಿ ನಾನು ಎಷ್ಟು ಬೋಳಾಗಿದ್ದೇನೆಂದರೆ ನಿನಗೆ ಗುರುತು ಸಿಗುವುದಿಲ್ಲ. ಗುರುತಿಗೆ ಕೈಯಲ್ಲಿ ಅಪ್ಪನ ಗಜಕಡ್ಡಿ ಹಿಡಿದು ಹೊರಬಾಗಿಲಲ್ಲಿ ನಿಂತಿರುತ್ತೇನೆ.

ನಿನ್ನ ತಮ್ಮ


18 ಡಿಸೆಂಬರ್

ತಮ್ಮಾ,

ನಿನ್ನ ಪತ್ರ ಸಿಕ್ಕಿದಾಗ ಹಡಗು ಹಿಮದ ಗುಡ್ಡದ ಪಕ್ಕ ನಿಂತಿತ್ತು. ಎಲ್ಲರಿಗೂ ಕೆಂಪು ಕೋಟು ಕೊಟ್ಟಿದ್ದಾರೆ. ದೂರದಿಂದ ಕಾಣಬೇಕು, ಅದನ್ನೇ ಹಾಕಬೇಕು ಎಂದು ಕಟ್ಟಪ್ಪಣೆ. ನಾನು ನಿನ್ನದರ ಮೇಲೆ ಅವರದನ್ನು ಹಾಕಿಕೊಂಡೆ. ದೋಣಿ ಇಳಿಸುವವನು, "ಅಮ್ಮಾ, ನೀವು ಉರುಳ್ತಾ ಬರ್ತೀರೋ, ನಡೀತಾ ಬರ್ತೀರೋ?" ಎಂದ. ದಡದಲ್ಲಿ ಎಲ್ಲರೂ ಗಡಗಡ ನಡುಗುತ್ತಿದ್ದರು. ನಾನೊಬ್ಬಳೇ ಬೆವರುತ್ತಿದ್ದೆ. ಪೆಂಗ್ವಿನ್ ಒಂದು ಹತ್ತಿರ ಬಂದು ನನ್ನನ್ನು ಬಹಳ ಹೊತ್ತು ಪರಿಶೀಲಿಸಿತು. ಇಲಾಖೆಯದ್ದೇ ಇರಬೇಕು.

ಬಟ್ಟು ಅಂಗಡಿಯಲ್ಲೇ ಇರಲಿ. ಅದು ಇಲ್ಲಿ ನಾಲ್ಕು ಗ್ರಾಂ ಹೆಚ್ಚು ತೂಗುತ್ತದೋ ಇಲ್ಲವೋ ಇನ್ನು ಯಾರಾದರೂ ನೋಡಿಕೊಳ್ಳಲಿ. ತಕ್ಕಡಿಯ ಬಗ್ಗೆ ಮೇಲ್ಮನವಿ ಇಲ್ಲ.

ಇಪ್ಪತ್ತಮೂರರ ಮಧ್ಯಾಹ್ನ ಮೂರೂವರೆಗೆ ಇಳಿಯುತ್ತೇನೆ. ನೀನು ಬೋಳಾಗಿರುವ ಸುದ್ದಿ ನಿನ್ನ ಹೆಂಡತಿ ಅಕ್ಟೋಬರ್‌ನಲ್ಲೇ ಹೇಳಿದ್ದಾಳೆ, ಗುರುತು ಹಿಡಿಯುತ್ತೇನೆ. ಗಜಕಡ್ಡಿ ಮಾತ್ರ ತರಬೇಡ. ವಿಮಾನ ನಿಲ್ದಾಣದಲ್ಲಿ ಗಜದುದ್ದದ ಕಡ್ಡಿ ಹಿಡಿದು ನಿಂತರೆ ಅಲ್ಲಿಯವರು ವಶಪಡಿಸಿಕೊಳ್ಳುತ್ತಾರೆ. ಮತ್ತೆ ಹನ್ನೊಂದು ವರ್ಷ ಸುಮ್ಮನಿರಲು ನನ್ನಿಂದಾಗುವುದಿಲ್ಲ. ಕೈಬೀಸಿಕೊಂಡು ಬಾ. ಚಹಾ ಅಲ್ಲೇ ಕುಡಿಯೋಣ.

ಅಕ್ಕ